ಹಾದಿಯ ಬದುಕು, ಉಷ್ಣದ ಲೆಕ್ಕ

1931ನೆಯ ಇಸವಿಯ ಚಳಿಗಾಲ. ಗೋಬಿ ಮರುಭೂಮಿಯ ಅಂಚಿನಲ್ಲಿ ಕೆಲವು ಮೋಟಾರು ಗಾಡಿಗಳು ಪೂರ್ವಾಭಿಮುಖವಾಗಿ ಸಾಗುತ್ತಿದ್ದವು. ಉಷ್ಣತೆ ಸೊನ್ನೆಗಿಂತ 20, 30 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿಯುತ್ತಿತ್ತು. ಪ್ರಯಾಣಿಕರು ರಾತ್ರಿ ತಂಗಿದಾಗಲೂ ಎಂಜಿನ್ನುಗಳನ್ನು ನಿಲ್ಲಿಸುತ್ತಿರಲಿಲ್ಲ. ಹನಿ ಹನಿ ಪೆಟ್ರೋಲಿಗೂ ಲೆಕ್ಕವಿಡಬೇಕಾದ ಆ ನಿರ್ಜನ ಪ್ರದೇಶದಲ್ಲಿ, ನಿಂತ ಗಾಡಿಯ ಎಂಜಿನ್ನನ್ನು ಓಡಿಸುತ್ತಲೇ ಇರುವುದು ದುಂದಲ್ಲವೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಾವು ಆ ಪ್ರಯಾಣವನ್ನು ಮೊದಲಿನಿಂದ ನೋಡಬೇಕು.

ಇದು ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಏರ್ಪಡಿಸಿದ್ದ ಸಾಹಸಯಾತ್ರೆ. ಜಾರ್ಜ್ ಮಾರಿ ಹಾರ್ಟ್ ಇದರ ನಾಯಕ. 1931ರ ಏಪ್ರಿಲ್ 4ರಂದು ಅವನ ತಂಡ ಮೆಡಿಟರೇನಿಯನ್ ತೀರದ ಬೇರೂತಿನಿಂದ ಹೊರಟಿತು. ಸುಮಾರು ಅದೇ ವೇಳೆಗೆ ವಿಕ್ಟರ್ ಪ್ವಾಂ ಎಂಬ ನೌಕಾದಳದ ಅಧಿಕಾರಿಯ ನೇತೃತ್ವದಲ್ಲಿ ಎರಡನೆಯ ತಂಡ ಚೀನದ ಟಿಯೆಂಟ್ಸಿನ್‌ನಿಂದ ಪಶ್ಚಿಮಕ್ಕೆ ಹೊರಟಿತು. ಎರಡೂ ಮಧ್ಯ ಏಷ್ಯದಲ್ಲಿ ಸಂಧಿಸಬೇಕೆಂಬುದು ಯೋಜನೆ. ಗಾಡಿಗಳ ಮುಂದೆ ಸಾಮಾನ್ಯ ಚಕ್ರಗಳು. ಹಿಂದೆ ಅಡಾಲ್ಫ್ ಕೆಗ್ರೆಸ್ ರೂಪಿಸಿದ ರಬ್ಬರಿನ ಪಟ್ಟಿಗಳು. ಪಟ್ಟಿ ನೆಲವನ್ನು ಹೆಚ್ಚು ವಿಸ್ತಾರದಲ್ಲಿ ಮುಟ್ಟುತ್ತದೆ. ಭಾರ ಅಷ್ಟೇ ಇದ್ದರೂ ಅದು ಹಂಚಿಹೋಗುವುದರಿಂದ ಒತ್ತಡ ಕಡಮೆಯಾಗಿ, ಗಾಡಿ ಮರಳಿನಲ್ಲಿ ಹೂತುಹೋಗುವುದಿಲ್ಲ.

ಗಾಡಿಯ ಮೇಲೆ ತಿಂಗಳುಗಟ್ಟಲೆ ಬಾಳುವವರಿಗೆ ಗಾಡಿಯೇ ಮನೆ, ಉಗ್ರಾಣ, ಅಡುಗೆಯ ಕೋಣೆ. ಅಲ್ಲಿ ನೀರು, ಅನ್ನ, ಪೆಟ್ರೋಲುಗಳ ಮಿತವ್ಯಯ ಅನಿವಾರ್ಯ. ಇವೆಲ್ಲದರ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಲೆಕ್ಕವಿದೆ. ಅದು ಉಷ್ಣದ ಲೆಕ್ಕ.

ಪೆಟ್ರೋಲು ಉರಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು ಕಾಲು ಪಾಲು ಮಾತ್ರ ಗಾಡಿಯನ್ನು ಎಳೆಯುವ ಕೆಲಸಕ್ಕೆ ದೊರೆಯುತ್ತದೆ. ಉಳಿದ ಮುಕ್ಕಾಲು ಪಾಲು ಉಷ್ಣವಾಗಿಯೇ ಹೊರಬೀಳುತ್ತದೆ. ಸಿರಿಯದ ಮರುಭೂಮಿಯಲ್ಲಿ ಈ ಉಷ್ಣವೇ ಶತ್ರು. ಸುತ್ತಲಿನ ಗಾಳಿ ಬಿಸಿಯಾದಷ್ಟೂ ರೇಡಿಯೇಟರು ತನ್ನ ಉಷ್ಣವನ್ನು ಬಿಟ್ಟುಕೊಡುವುದು ಕಷ್ಟ. ಕೊನೆಗೆ ನೀರು ಕುದಿದು ಆವಿಯಾಗಿ ಹೋಗುತ್ತದೆ. ಮನುಷ್ಯನ ಪಾಡೂ ಇದೇ. ಒಂದು ಲೀಟರ್ ಬೆವರು ಮೈಮೇಲೆ ಆರಬೇಕಾದರೆ ಅದು ಸುಮಾರು 580 ಕಿಲೊಕ್ಯಾಲೊರಿ ಉಷ್ಣವನ್ನು ಹೊತ್ತೊಯ್ಯುತ್ತದೆ. ಇಷ್ಟು ಉಷ್ಣದಿಂದ ಹೆಚ್ಚುಕಡಮೆ ಆರು ಲೀಟರ್ ತಣ್ಣೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಬಹುದು. ಬೆವರು ನಮ್ಮನ್ನು ಎಷ್ಟು ಸಮರ್ಥವಾಗಿ ಕಾಪಾಡುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು. ಆದರೆ ಹೋದ ನೀರನ್ನು ಕುಡಿದು ತುಂಬಿಕೊಳ್ಳಲೇಬೇಕು. ಹೀಗೆ ಮರುಭೂಮಿಯಲ್ಲಿ ಮನುಷ್ಯನೂ ಯಂತ್ರವೂ ಒಂದೇ ನೀರಿಗೆ ಬಾಯೊಡ್ಡಿದ ಪಾಲುದಾರರು.

ಬಾಗ್ದಾದ್, ಟೆಹರಾನ್, ಕಾಬೂಲ್‌ಗಳನ್ನು ದಾಟಿ ತಂಡ ಜೂನ್ ಕೊನೆಗೆ ಶ್ರೀನಗರವನ್ನು ತಲಪಿತು. ಸೋವಿಯತ್ ತುರ್ಕಿಸ್ತಾನದ ಮೂಲಕ ಹಾಯಲು ಅನುಮತಿ ದೊರೆಯದಿದ್ದುದರಿಂದ ಹಿಮಾಲಯವನ್ನೇ ದಾಟಬೇಕಾಗಿ ಬಂದಿತು. ಅಲ್ಲಿಂದ ಗಿಲ್ಗಿಟ್‌ಗೆ ಹೋಗುವುದು ಹೇಸರಗತ್ತೆ, ಕುದುರೆಗಳ ಹಾದಿ. ನಡುವೆ 4,100 ಮೀಟರಿಗೂ ಎತ್ತರದ ಬುರ್ಜಿಲ್ ಕಣಿವೆ. ಹಾರ್ಟ್ ಎರಡೇ ಗಾಡಿಗಳನ್ನು ಆರಿಸಿಕೊಂಡ. ಒಂದರ ಹೆಸರು ‘ಚಿನ್ನದ ಜೀರುಂಡೆ’. ಇನ್ನೊಂದು ‘ಬೆಳ್ಳಿಯ ಅರ್ಧಚಂದ್ರ’.

ಆ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು 60 ಶೇಕಡ ಮಾತ್ರ. ಎಂಜಿನ್ನಿನ ಸಿಲಿಂಡರು ಹಿಂದಿನಷ್ಟೇ ಗಾತ್ರದ ಗಾಳಿಯನ್ನು ಒಳಗೆಳೆದರೂ ಅದರಲ್ಲಿ ಆಕ್ಸಿಜನ್ ಕಡಮೆ. ಆದುದರಿಂದ ಏರು ಹೆಚ್ಚಿದಂತೆ ಬೇಕಾದ ಬಲ ಹೆಚ್ಚುತ್ತದೆ, ದೊರೆಯುವ ಬಲ ಕುಗ್ಗುತ್ತದೆ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿದರೆ ಬುರ್ಜಿಲ್‌ನಲ್ಲಿ 86 ಡಿಗ್ರಿಗೇ ಕುದಿಯುತ್ತದೆ. ನೀರು ಬೇಗ ಕುದಿಯಿತೆಂದು ಅಡುಗೆಯವನು ಹಿಗ್ಗಬೇಕಾಗಿಲ್ಲ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯಲ್ಲಿ ನೀರಿನ ಉಷ್ಣತೆ 86 ಡಿಗ್ರಿಯನ್ನು ಮೀರದು. ಬೇಳೆ ಬೇಯಲು ಹೆಚ್ಚು ಹೊತ್ತು ಕಾಯಬೇಕು, ಹೆಚ್ಚು ಸೌದೆ ಸುಡಬೇಕು.

ಹಾದಿ ಎಷ್ಟು ಕಿರಿದಾಗಿತ್ತೆಂದರೆ, ಒಮ್ಮೆ ಗಾಡಿಯ ಕೆಳಗಿನ ಅಂಚು ಕುಸಿದು ಗಾಡಿ ಪ್ರಪಾತದ ಮೇಲೆ ತೂಗಾಡಿತು. ಕೆಲವೆಡೆ ಗಾಡಿಗಳನ್ನು ಬಿಚ್ಚಿ, ಭಾಗಗಳನ್ನು ಸ್ಥಳೀಯ ಕೂಲಿಗಳ ಹೆಗಲ ಮೇಲೆ ಹೊರಿಸಿ, ಮುಂದೆ ಮತ್ತೆ ಜೋಡಿಸಿದರು. ಆಗಸ್ಟ್ ಮೊದಲ ವಾರದಲ್ಲಿ ಗಾಡಿಗಳು ಗಿಲ್ಗಿಟ್ ಸೇರಿದವು. ಇದನ್ನು ಯಂತ್ರದ ವಿಜಯವೆಂದು ಬಣ್ಣಿಸುವುದುಂಟು. ಆದರೆ ಎಂಜಿನ್ನು ಸೋತಲ್ಲಿ ಕೆಲಸ ಮಾಡಿದುದು ರೊಟ್ಟಿಯಿಂದ ಶಕ್ತಿ ಪಡೆದ ಮಾನವ ಸ್ನಾಯುಗಳೆಂಬುದನ್ನು ಮರೆಯಲಾಗದು. ಮುಂದಿನ ಹಾದಿ ಇನ್ನೂ ದುರ್ಗಮವಾದುದರಿಂದ ಗಾಡಿಗಳನ್ನು ಅಲ್ಲಿಯೇ ಬಿಟ್ಟು, ತಂಡ ಕುದುರೆಗಳನ್ನೇರಿ ಗಡಿಯಾಚೆಗೆ ನಡೆಯಿತು. ಅಕ್ಟೋಬರಿನಲ್ಲಿ ಅಕ್ಸು ಎಂಬಲ್ಲಿ ಪ್ವಾಂನ ತಂಡವನ್ನು ಕೂಡಿಕೊಂಡು, ಅವನ ಗಾಡಿಗಳಲ್ಲಿ ಪ್ರಯಾಣ ಮುಂದುವರಿಸಿತು.

ಸಿಂಕಿಯಾಂಗಿನ ರಾಜಧಾನಿ ಉರುಮ್ಚಿಯಲ್ಲಿ ಆಡಳಿತಗಾರರು ಅವರನ್ನು ತಡೆದಿರಿಸಿದ್ದರಿಂದ ಅಲ್ಲಿಂದ ಹೊರಡುವಷ್ಟರಲ್ಲಿ ನವೆಂಬರ್ ಮುಗಿಯುತ್ತ ಬಂದಿತ್ತು. ಈಗ ಉಷ್ಣದ ಲೆಕ್ಕವೆಲ್ಲ ತಲೆಕೆಳಗಾಯಿತು. ಸುತ್ತಲೂ ಹಿಮವಿದ್ದರೂ ಕುಡಿಯುವ ನೀರು ಸುಲಭವಲ್ಲ. ಸೊನ್ನೆ ಡಿಗ್ರಿಯ ಒಂದು ಕಿಲೊಗ್ರಾಂ ಹಿಮವನ್ನು ಬರಿದೆ ಕರಗಿಸಲು 80 ಕಿಲೊಕ್ಯಾಲೊರಿ ಬೇಕು. ನಮ್ಮ ಊರಿನಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರನ್ನು ನೂರು ಡಿಗ್ರಿಗೆ ತರಲು ಬೇಕಾದುದೂ ಅಷ್ಟೆ! ನಾವು ಚಹಾದ ನೀರು ಕಾಯಿಸುವ ವೇಳೆಗೆ ಅವರಿಗೆ ಹಿಮ ಕರಗಿರುತ್ತಿತ್ತು, ಅಷ್ಟೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಎಂಜಿನ್ನನ್ನು ನಿಲ್ಲಿಸಿದರೆ ಏನಾಗುತ್ತದೆ? ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ; 11 ಲೀಟರ್ ನೀರು ಸುಮಾರು 12 ಲೀಟರ್ ಮಂಜುಗಡ್ಡೆಯಾಗುತ್ತದೆ. ಆ ಹಿಗ್ಗಿಗೆ ಎಂಜಿನ್ನಿನ ಕಬ್ಬಿಣದ ಗೋಡೆಯೂ ಬಿರಿಯಬಲ್ಲದು. ನೀರನ್ನು ಬಸಿದುಬಿಡೋಣವೆಂದರೆ ಬೆಳಗ್ಗೆ ಮತ್ತೆ ಮಂಜು ಕರಗಿಸಬೇಕು. ಎಣ್ಣೆ ಮೇಣದಂತೆ ಗಟ್ಟಿಯಾಗುತ್ತದೆ. ಪೆಟ್ರೋಲು ಸುಲಭವಾಗಿ ಆವಿಯಾಗದು. ಹೊಸ ಎಂಜಿನ್ನನ್ನು ತರಿಸಲು ಅಲ್ಲಿ ಅಂಗಡಿಯೂ ಇಲ್ಲ. ಆದುದರಿಂದ ಎಂಜಿನ್ನನ್ನು ಓಡಿಸುತ್ತಲೇ ಇದ್ದರು. ಸಿರಿಯದಲ್ಲಿ ಯಾವ ಉಷ್ಣವನ್ನು ಹೊರದೂಡಲು ಹೆಣಗಿದ್ದರೋ ಅದನ್ನೇ ಗೋಬಿಯಲ್ಲಿ ಪ್ರಾಣದಂತೆ ಕಾಪಾಡಿಕೊಂಡರು. ದುಂದೆಂದು ತೋರಿದುದು ನಿಜವಾಗಿ ಜೀವವಿಮೆ.

1932ರ ಫೆಬ್ರುವರಿ 12ರಂದು ಅವರು ಪೆಕಿಂಗನ್ನು ಸೇರಿದರು. ಬೇರೂತಿನಿಂದ ಅಲ್ಲಿಗೆ ಸುಮಾರು 12,000 ಕಿಲೋಮೀಟರು. ಗಾಡಿಗಳು ಗೆದ್ದವು, ಆದರೆ ಹಾರ್ಟ್ ಉಳಿಯಲಿಲ್ಲ. ಹಿಂದಿರುಗುವ ದಾರಿಯಲ್ಲಿ, ಮಾರ್ಚ್ 16ರಂದು, ಹಾಂಗ್‌ಕಾಂಗಿನಲ್ಲಿ ಆತ ನ್ಯುಮೋನಿಯದಿಂದ ತೀರಿಕೊಂಡ. ಯಂತ್ರದ ಒಡೆದ ಭಾಗವನ್ನು ಬದಲಿಸಬಹುದು. ಅದನ್ನು ನಡೆಸಿದವನಿಗೆ ಬದಲಿಯಿಲ್ಲ.

ಇಂದು ಗಿಲ್ಗಿಟ್‌ನಿಂದ ಖುಂಜೆರಾಬ್ ಕಣಿವೆಯ ಮೂಲಕ ಕಾಶ್ಗರಿಗೆ ಡಾಂಬರು ರಸ್ತೆಯಿದೆ. ರೇಡಿಯೇಟರಿನ ನೀರಿಗೆ ಗ್ಲೈಕಾಲ್ ಬೆರೆಸಿ ಅದು ಹೆಪ್ಪುಗಟ್ಟದಂತೆ ತಡೆಯುತ್ತಾರೆ. ರಸ್ತೆ ಬದಲಾಯಿತು, ಗಾಡಿ ಬದಲಾಯಿತು. ಆದರೆ ಒಂದು ಕಿಲೊಗ್ರಾಂ ಹಿಮವನ್ನು ಕರಗಿಸಲು ಇಂದಿಗೂ 80 ಕಿಲೊಕ್ಯಾಲೊರಿಯೇ ಬೇಕು. ಪ್ರಕೃತಿ ಆ ಲೆಕ್ಕದಲ್ಲಿ ಯಾವ ಪ್ರಯಾಣಿಕನಿಗೂ ಒಂದು ಕ್ಯಾಲೊರಿಯ ರಿಯಾಯಿತಿಯನ್ನೂ ತೋರಿಸಿಲ್ಲ.