ಮಗುವಿನ ಹೆಗಲ ಹೊರೆ, ತಂದೆಯ ವ್ರತ

ಜೈನಧರ್ಮವು ಮುನಿಗಳಿಗೆ ಮಹಾವ್ರತಗಳನ್ನೂ ಗೃಹಸ್ಥರಿಗೆ ಅಣುವ್ರತಗಳನ್ನೂ ವಿಧಿಸಿದೆ. ಅಣುವ್ರತವೆಂದರೆ ಚಿಕ್ಕ ವ್ರತ. ಚಿಕ್ಕದೆಂದ ಮಾತ್ರಕ್ಕೆ ಅದು ಸುಲಭವಲ್ಲ. ಮುನಿಗಳು ಎಲ್ಲವನ್ನೂ ಬಿಟ್ಟು ಪಾಲಿಸುವುದನ್ನು ಶ್ರಾವಕನು ಮನೆ, ಮಕ್ಕಳು, ವ್ಯಾಪಾರ, ಬೇಸಾಯಗಳ ನಡುವೆ ಇದ್ದುಕೊಂಡೇ ತನ್ನ ಮಿತಿಯಲ್ಲಿ ಪಾಲಿಸಬೇಕು. ಹೀಗಾಗಿ ಅವನ ಅಹಿಂಸೆಗೆ ಮೊದಲ ಪರೀಕ್ಷೆ ನಡೆಯುವುದು ಮನೆಯೊಳಗೆ. ಪರೀಕ್ಷಕರು ಅವನ ಮಕ್ಕಳೇ.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಜೈನ ಮನೆಗಳಲ್ಲಿ ಈ ಪರೀಕ್ಷೆ ಸಂಜೆಯ ಹೊತ್ತಿನಲ್ಲಿ ಎದ್ದು ಕಾಣುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ರಾತ್ರಿಭೋಜನ ತ್ಯಾಗದ ನಿಯಮ. ಮಕ್ಕಳು ಶಾಲೆಯಿಂದ ಬಂದು, ಟ್ಯೂಷನ್‌ಗೆ ಹೊರಡುವ ಮೊದಲು ತಾಯಿ ಬಡಿಸಿದ್ದನ್ನು ಉಣ್ಣುತ್ತಾರೆ. ತಂದೆ ಪೇಟೆಯ ಅಂಗಡಿಯಲ್ಲಿದ್ದರೆ ಮನೆಯಿಂದ ಬಂದ ಡಬ್ಬಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬಿಚ್ಚುತ್ತಾನೆ. ನಿಯಮ ಇಬ್ಬರದೂ ನಡೆಯಿತು, ಆದರೆ ಊಟ ಬೇರೆಬೇರೆಯಾಯಿತು. ರಾತ್ರಿ ಒಂಬತ್ತಕ್ಕೆ ಅಂಗಡಿಯ ಬಾಗಿಲು ಹಾಕಿ ಅವನು ಮನೆಗೆ ಬರುವಾಗ ಚಿಕ್ಕ ಮಗು ಮಲಗಿರುತ್ತದೆ. ದೊಡ್ಡದು ಪುಸ್ತಕದ ಇಲ್ಲವೇ ಮೊಬೈಲ್‌ನ ಮುಂದೆ ಕುಳಿತಿರುತ್ತದೆ. ಆಗ ತಂದೆಯ ಬಾಯಿಂದ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಟೆಸ್ಟಿನಲ್ಲಿ ಎಷ್ಟು ಬಂತು?’

ಉಳಿದ ತಂದೆಯರ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ತರೀಕೆರೆಯ ತೋಟದವರಿಗೆ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಸುವ, ಬೇಯಿಸುವ, ಒಣಗಿಸುವ ಕೆಲಸದ ನಡುವೆ ಹಗಲು ರಾತ್ರಿಯ ವ್ಯತ್ಯಾಸ ತಿಳಿಯುವುದಿಲ್ಲ. ಅಜ್ಜಂಪುರದ ಕಡೆಯ ಬೇಸಾಯಗಾರನ ಒಂದು ಕಣ್ಣು ಮೋಡದ ಮೇಲೆ, ಇನ್ನೊಂದು ಈರುಳ್ಳಿಯ ಬೆಲೆಯ ಮೇಲೆ. ಬೆಂಗಳೂರಿನಲ್ಲಿ ನೌಕರಿ ಹಿಡಿದವನು ವಾರದ ಕೊನೆಗೆ ಕಡೂರಿನಲ್ಲೋ ಬೀರೂರಿನಲ್ಲೋ ರೈಲಿಳಿದು, ಒಂದು ದಿನ ಮನೆಯಲ್ಲಿದ್ದು ಹಿಂದಿರುಗುತ್ತಾನೆ. ಇವರಾರೂ ಪ್ರೀತಿಯಿಲ್ಲದವರಲ್ಲ. ದುಡಿಯುವುದೆಲ್ಲ ಮಕ್ಕಳಿಗಾಗಿಯೇ ಎಂದು ಅವರು ಮನಸಾರೆ ನಂಬಿದ್ದಾರೆ. ಆದರೆ ಆ ದುಡಿಮೆ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಅವರ ಕಿವಿಗೆ ಬೀಳುವುದು ಅಂಕದ ಪ್ರಶ್ನೆ ಮಾತ್ರ.

ತಂದೆ ಹೇಗಿರಬೇಕೆಂಬುದಕ್ಕೆ ಜೈನ ಪರಂಪರೆಯು ತನ್ನ ಮೊದಲ ತೀರ್ಥಂಕರರ ಗೃಹಸ್ಥಜೀವನದಲ್ಲಿಯೇ ಒಂದು ಮಾದರಿಯನ್ನು ಇಟ್ಟಿದೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವೂ, 941ರಲ್ಲಿ ರಚಿತವಾದ ಪಂಪನ ಕನ್ನಡ ಆದಿಪುರಾಣವೂ ವೃಷಭದೇವನ ಚರಿತೆಯನ್ನು ಹೇಳುತ್ತವೆ. ಅವನು ರಾಜ, ಪ್ರಜೆಗಳಿಗೆ ಕೃಷಿ, ವಾಣಿಜ್ಯ, ಶಿಲ್ಪಗಳನ್ನು ಕಲಿಸಿದ ಕಾರ್ಯಮಗ್ನ. ಅಂಥವನು ತನ್ನ ಪುತ್ರಿಯರಾದ ಬ್ರಾಹ್ಮಿ ಮತ್ತು ಸುಂದರಿಯರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಅಕ್ಷರವನ್ನೂ ಅಂಕವನ್ನೂ ತಾನೇ ಬರೆದು ಕಲಿಸಿದನು. ಲಿಪಿಗೆ ಬ್ರಾಹ್ಮಿಯ ಹೆಸರು ಬಂದುದು ಹೀಗೆಂಬುದು ಪರಂಪರೆಯ ನಂಬಿಕೆ. ಉಪಾಧ್ಯಾಯರನ್ನು ನೇಮಿಸುವ ಶಕ್ತಿ ಅರಸನಿಗೆ ಇರಲಿಲ್ಲವೇ? ಇತ್ತು. ಆದರೂ ಅಕ್ಷರವು ತಂದೆಯ ತೊಡೆಯ ಮೇಲಿನಿಂದಲೇ ಆರಂಭವಾಯಿತೆಂಬುದನ್ನು ಪುರಾಣವು ಮರೆಯದೆ ಹೇಳಿದೆ.

ಪುತ್ರರ ವಿದ್ಯಾಭ್ಯಾಸದ ಪ್ರಸಂಗವೂ ಗಮನಾರ್ಹ. ಭರತನಿಗೆ ಅರ್ಥಶಾಸ್ತ್ರ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ, ರತ್ನಪರೀಕ್ಷೆ ಮೊದಲಾದವು. ಹೀಗೆ ಒಬ್ಬೊಬ್ಬನಿಗೆ ಒಂದೊಂದು ವಿದ್ಯೆ. ಎಲ್ಲರಿಗೂ ಒಂದೇ ವಿದ್ಯೆಯನ್ನು ಹೊರಿಸಿ, ಯಾರು ಮುಂದೆ, ಯಾರು ಹಿಂದೆ ಎಂದು ಆ ತಂದೆ ಅಳೆಯಲಿಲ್ಲ. ಪ್ರತಿಯೊಬ್ಬ ಮಗನನ್ನೂ ಬೇರೆಬೇರೆಯಾಗಿ ಅರಿತವನಿಗೆ ಮಾತ್ರ ಇದು ಸಾಧ್ಯ. ಅರಿಯಬೇಕಾದರೆ ಹತ್ತಿರ ಕುಳಿತಿರಬೇಕು.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದು. ವೈರಾಗ್ಯ ಹೊಂದಿದ ವೃಷಭದೇವನು ರಾಜ್ಯವನ್ನು ಪುತ್ರರಿಗೆ ಹಂಚಿ ತಪಸ್ಸಿಗೆ ಹೊರಟನು. ಅಯೋಧ್ಯೆ ಭರತನಿಗೆ, ಪೌದನಪುರ ಬಾಹುಬಲಿಗೆ ಬಂದವು. ಹಂಚಿಕೊಟ್ಟ ಆ ನೆಲವೇ ಅಣ್ಣತಮ್ಮಂದಿರನ್ನು ಯುದ್ಧಕ್ಕೆ ತಂದು ನಿಲ್ಲಿಸಿತು. ತೊಡೆಯ ಮೇಲೆ ಕುಳಿತು ಪಡೆದ ಅಕ್ಷರಾಂಕಗಳಿಗಾಗಿ ಬ್ರಾಹ್ಮಿ, ಸುಂದರಿಯರು ಎಂದೂ ಕಾದಾಡಲಿಲ್ಲ. ಹಂಚಿದಷ್ಟೂ ಅದು ಹೆಚ್ಚಿತು. ತೋಟ, ಅಂಗಡಿ, ನಿವೇಶನಗಳನ್ನು ಮಕ್ಕಳ ಹೆಸರಿಗೆ ಮಾಡುವ ಚಿಂತೆಯಲ್ಲಿರುವ ಪ್ರತಿಯೊಬ್ಬ ತಂದೆಯೂ ಒಮ್ಮೆ ಯೋಚಿಸಬೇಕಾದ ವಿಷಯವಿದು.

ಮಾದರಿ ಪುರಾಣದಲ್ಲಿದ್ದರೆ ಎಚ್ಚರಿಕೆ ಶಾಸ್ತ್ರದಲ್ಲಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತವು ಪೂರ್ತಿ ಮುರಿಯದಿದ್ದರೂ ಅದಕ್ಕೆ ತಗಲುವ ದೋಷಗಳನ್ನು, ಹೆಸರಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಮೀರಿದ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಇವುಗಳಲ್ಲಿ ನಾಲ್ಕನೆಯದಕ್ಕೆ ಅತಿಭಾರಾರೋಪಣವೆಂದು ಹೆಸರು. ಇದನ್ನು ವಿವರಿಸುವಾಗ ಸಾಮಾನ್ಯವಾಗಿ ಎತ್ತು, ಕುದುರೆಗಳ ಉದಾಹರಣೆ ಕೊಡುವುದು ವಾಡಿಕೆ. ಆದರೆ ಮಗುವೂ ಜೀವವೇ. ಅದರ ಹೆಗಲಿಗೂ ಒಂದು ಅಳತೆಯುಂಟು.

ಈ ಸೀಮೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಜ್ಜಂಪುರವು ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿರುವ ಊರು. ಒಂದು ಕಾಲಕ್ಕೆ ಮೈಸೂರು ಸೈನ್ಯದ ಫಿರಂಗಿ, ಸಾಮಗ್ರಿಗಳನ್ನು ಎಳೆದ ಬಲಿಷ್ಠ ತಳಿಯದು. ಅಂಥ ತಳಿಯ ಹೋರಿಯಾದರೂ ಎಳೆಗರುವಾಗಿರುವಾಗ ಅದರ ಕೊರಳಿಗೆ ನೊಗವಿಟ್ಟು ತುಂಬಿದ ಗಾಡಿ ಕಟ್ಟುವ ರೈತನಿಲ್ಲ. ಮೊದಲು ಕಾವಲಿನಲ್ಲಿ ಮೇಯ್ದು ಬೆಳೆಯಬೇಕು; ಆಮೇಲೆ ಪಳಗಿದ ಎತ್ತಿನ ಜೊತೆಯಲ್ಲಿ ಬರಿಯ ನೊಗ, ಆಮೇಲೆ ಹಗುರವಾದ ಗಾಡಿ. ಕರುವಿನ ವಿಷಯದಲ್ಲಿ ಇಷ್ಟು ತಾಳ್ಮೆಯುಳ್ಳವರು ಎಂಟನೆಯ ತರಗತಿಯ ಮಗನ ಮೇಲೆ ವೈದ್ಯಕೀಯ ಸೀಟಿನ ಭಾರವನ್ನೂ, ಮನೆತನದ ಮರ್ಯಾದೆಯ ಭಾರವನ್ನೂ, ತಾವು ಓದಲಾಗದೆ ಉಳಿದ ಓದಿನ ಭಾರವನ್ನೂ ಒಟ್ಟಿಗೆ ಹೇರುತ್ತಾರೆ. ಹಸು ಕರುಗಳ ಮೇಲಿನ ದಯೆ ಮಕ್ಕಳವರೆಗೆ ಬರುವಷ್ಟರಲ್ಲಿ ಯಾಕೆ ತೆಳುವಾಗಬೇಕು?

ಉಳಿದ ಅತಿಚಾರಗಳೂ ದೂರದವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಕೊಡುವುದನ್ನು ನಿಷೇಧಿಸಿತು. ಮಾಸ್ತರರ ಕೈಯ ಬೆತ್ತವನ್ನು ಕಾನೂನು ಕೆಳಗಿಡಿಸಿತು. ಮನೆಯೊಳಗೆ ಎತ್ತುವ ಕೈಯನ್ನು ಶ್ರಾವಕನ ವ್ರತವೇ ತಡೆಯಬೇಕು. ‘ಅಂಕ ಕಡಿಮೆ ಬಂದರೆ ಊಟವಿಲ್ಲ’ ಎಂಬ ಮಾತು ತಮಾಷೆಗೆ ಆಡಿದ್ದಾದರೂ ಅನ್ನಪಾನನಿರೋಧದ ನೆರಳೇ. ಅಂಗವನ್ನು ಕತ್ತರಿಸುವ ತಂದೆಯಿಲ್ಲ ನಿಜ. ಆದರೆ ನೆಂಟರ ಮುಂದೆ ಮಗನನ್ನು ನೆರೆಮನೆಯ ಹುಡುಗನಿಗೆ ಹೋಲಿಸಿ ಹೀಯಾಳಿಸಿದಾಗ ಕತ್ತರಿಸಿಹೋಗುವುದೇನೆಂದು ಆ ಮಗನೇ ಬಲ್ಲ.

ಇಷ್ಟು ಹೇಳಿದ ಮೇಲೆ ತಂದೆಯ ಕಡೆಯಿಂದಲೂ ನೋಡಬೇಕು. ಒಂದೇ ನಯದಿಂದ ವಸ್ತುವನ್ನು ಅಳೆಯಬಾರದೆಂದು ಅನೇಕಾಂತವಾದ ಕಲಿಸುತ್ತದೆ. ಇಂದು ನಲವತ್ತು, ಐವತ್ತರ ಆಸುಪಾಸಿನಲ್ಲಿರುವ ಅನೇಕ ತಂದೆಯರು ಮಾತಾಡದ ತಂದೆಯರ ಕೈಯಲ್ಲಿ ಬೆಳೆದವರು. ಅಪ್ಪ ಪಡಸಾಲೆಗೆ ಬಂದರೆ ಮಕ್ಕಳು ಹಿತ್ತಲಿಗೆ ಸರಿಯುತ್ತಿದ್ದ ಕಾಲವದು. ಪ್ರೀತಿಯನ್ನು ಶುಲ್ಕ ಕಟ್ಟಿ, ಬಟ್ಟೆ ಕೊಡಿಸಿ ತೋರಿಸುವುದು ಅವರಿಗೆ ಗೊತ್ತು. ಪಕ್ಕದಲ್ಲಿ ಕುಳಿತು ತೋರಿಸುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಅಡಿಕೆಯ ಬೆಲೆ ಕುಸಿದ ವರ್ಷ, ಮಳೆ ಕೈಕೊಟ್ಟ ವರ್ಷ ಕಂಡವರಿಗೆ ಮಗನಾದರೂ ತಿಂಗಳ ಸಂಬಳದ ನೆರಳಿನಲ್ಲಿರಲಿ ಎನಿಸುವುದು ಸಹಜ. ಅವರ ಬಿರುಸಿನ ಹಿಂದೆ ಭಯವಿದೆ. ಆದರೆ ತಂದೆಯ ಭಯವನ್ನು ಮಗು ಹೊರಬೇಕಾಗಿಲ್ಲ. ಶಿಸ್ತು ಬೇಡವೆಂದೂ ಅರ್ಥವಲ್ಲ. ನಿಯಮವಿಲ್ಲದ ಧರ್ಮವಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದನ್ನು ಮಕ್ಕಳು ಕಲಿತದ್ದು ಬೆತ್ತದಿಂದಲ್ಲ. ಹಿರಿಯರು ಹಾಗೆ ಉಣ್ಣುವುದನ್ನು ನೋಡಿ.

ಇನ್ನೊಂದು ವ್ರತವೂ ಇಲ್ಲಿ ನೆರವಿಗೆ ಬರುತ್ತದೆ. ಅದು ಪರಿಗ್ರಹಪರಿಮಾಣ. ಹೊಲ, ಮನೆ, ಧನ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುವುದು ಅದರ ಹೊರರೂಪ. ‘ಇದು ನನ್ನದು’ ಎಂಬ ಮೂರ್ಛೆಯನ್ನು ಕಡಿಮೆ ಮಾಡಿಕೊಳ್ಳುವುದು ಅದರ ತಿರುಳು. ‘ನನ್ನ ಮಗ’ ಎಂಬ ಮಾತಿನಲ್ಲಿ ಪ್ರೀತಿ ಎಷ್ಟು, ಒಡೆತನ ಎಷ್ಟು ಎಂದು ತಂದೆ ಆಗಾಗ ತೂಗಿ ನೋಡಬೇಕು. ಮಗುವಿನ ಜೀವ ತನ್ನದೇ ಕರ್ಮದೊಡನೆ, ತನ್ನದೇ ದಾರಿ ಹಿಡಿದು ಬಂದಿರುವಂಥದು. ಕಡೂರಿನ ಒಂದು ಶಾಸನ ಇದಕ್ಕೆ ಸಾಕ್ಷಿಯಂತಿದೆ. ಗಂಗ ರಾಜಮನೆತನದ ಬೂತುಗನ ಅಕ್ಕ ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸು ಮಾಡಿ, 971ರಲ್ಲಿ ದೇಹತ್ಯಾಗ ಮಾಡಿದಳೆಂದು ಅದು ತಿಳಿಸುತ್ತದೆ. ಅರಮನೆಯಲ್ಲಿ ಹುಟ್ಟಿದ ಹೆಣ್ಣುಮಗಳ ದಾರಿ ಅರಮನೆಯವರು ಎಣಿಸಿದಂತೆಯೇ ಇರಬೇಕಾಗಿರಲಿಲ್ಲ. ಸಾವಿರ ವರ್ಷದ ಮೇಲೆಯೂ ಈ ನೆಲದಲ್ಲಿ ಉಳಿದ ಹೆಸರು ಅವಳು ತಾನೇ ಆರಿಸಿಕೊಂಡ ದಾರಿಯಿಂದ ಬಂದದ್ದು.

ಶ್ರಾವಕನ ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯದಾನವಿದೆ. ಮೊದಲ ಮೂರನ್ನು ತಂದೆಯರು ಮಕ್ಕಳಿಗೆ ಕೊರತೆಯಿಲ್ಲದೆ ಕೊಡುತ್ತಾರೆ: ಅನ್ನ, ಆಸ್ಪತ್ರೆ, ಶಾಲೆ. ನಾಲ್ಕನೆಯದು ಉಳಿದುಬಿಡುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬರುವ ದಿನಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಅನುತ್ತೀರ್ಣನಾದ ಹುಡುಗ, ನಿರೀಕ್ಷೆಗಿಂತ ಕಡಿಮೆ ಅಂಕ ಪಡೆದ ಹುಡುಗಿ ಆ ಕ್ಷಣದಲ್ಲಿ ಮನೆಯ ಕಡೆಗೆ ನಡೆಯುತ್ತಾರೋ, ಮನೆಯಿಂದ ದೂರಕ್ಕೆ ನಡೆಯುತ್ತಾರೋ ಎಂಬುದು ಅಂದು ತೀರ್ಮಾನವಾಗುವುದಿಲ್ಲ. ಅದಕ್ಕೆ ಮೊದಲಿನ ಹತ್ತು ವರ್ಷಗಳಲ್ಲಿ ಅಪ್ಪನ ಮುಖದಲ್ಲಿ ಮಗು ಏನನ್ನು ಕಂಡಿದೆ ಎಂಬುದರ ಮೇಲೆ ನಿಂತಿರುತ್ತದೆ. ಏನೇ ಆದರೂ ಅಪ್ಪನಿಗೆ ಹೇಳಬಹುದು ಎಂಬ ಧೈರ್ಯವೇ ಮಗುವಿಗೆ ಸಲ್ಲುವ ಅಭಯದಾನ. ಅದು ಒಂದು ಜೀವವನ್ನೇ ಉಳಿಸಬಹುದು.

ಮಾಡಬೇಕಾದದ್ದು ದೊಡ್ಡದೇನಲ್ಲ. ಸಾಮಾಯಿಕಕ್ಕೆ ಶ್ರಾವಕನು ಎರಡು ಘಳಿಗೆ, ಎಂದರೆ 48 ನಿಮಿಷ ಮೀಸಲಿಡುತ್ತಾನೆ. ಆ ಹೊತ್ತಿನಲ್ಲಿ ವ್ಯಾಪಾರದ ಮಾತಿಲ್ಲ, ಫೋನಿಲ್ಲ. ಅಷ್ಟೇ ಹೊತ್ತನ್ನು, ಅದೇ ನಿಷ್ಠೆಯಿಂದ, ಮಗುವಿಗೂ ಇಡಬಹುದು. ವಾರದಲ್ಲಿ ಎರಡು ದಿನವಾದರೂ ಅಂಗಡಿಯನ್ನು ಸಂಜೆ ಒಂದು ಗಂಟೆಯ ಮಟ್ಟಿಗೆ ಬೇರೆಯವರಿಗೆ ಒಪ್ಪಿಸಿ, ಸೂರ್ಯ ಮುಳುಗುವ ಮೊದಲು ಮನೆಮಂದಿಯೊಂದಿಗೆ ಉಣ್ಣಬಹುದು. ಮಗಳನ್ನು ತೋಟಕ್ಕೆ ಕರೆದೊಯ್ದು ಲೆಕ್ಕ ಬರೆಯುವುದನ್ನು ತೋರಿಸಬಹುದು; ಸುಂದರಿಯ ಕಥೆ ಅಲ್ಲಿಯೇ ನೆನಪಾದೀತು. ಓದಲೆಂದು ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಮಗನನ್ನು ಬಿಟ್ಟವರು ನೋಡಲು ಹೋದಾಗ ಅವನೊಂದಿಗೆ ಸಾವಿರ ಕಂಬದ ಬಸದಿಯಲ್ಲಿ ಒಂದು ಗಂಟೆ ಕುಳಿತು, ಅಂಕದ ಸುದ್ದಿಯೊಂದನ್ನು ಬಿಟ್ಟು ಬೇರೆಲ್ಲ ಮಾತಾಡಬಹುದು. ನರಸಿಂಹರಾಜಪುರದ ಜ್ವಾಲಾಮಾಲಿನಿ ಅಮ್ಮನವರ ದರ್ಶನಕ್ಕೆ ಹೊರಟಾಗ ದಾರಿಯುದ್ದಕ್ಕೂ ಮಕ್ಕಳೇ ಮಾತಾಡಲಿ, ತಂದೆ ಕೇಳಲಿ.

ಭಾದ್ರಪದದ ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಆರಂಭವಾಗಿ ಕ್ಷಮಾವಣಿಯೊಂದಿಗೆ ಮುಗಿಯುತ್ತದೆ. ಅಂದು ಬಂಧುಗಳು, ಸ್ನೇಹಿತರು, ವ್ಯಾಪಾರದ ಪರಿಚಿತರು ಎಲ್ಲರಲ್ಲೂ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುವುದು ಶ್ರಾವಕರ ರೂಢಿ. ಮಕ್ಕಳು ತಂದೆಯ ಕಾಲಿಗೆರಗಿ ಕ್ಷಮೆ ಬೇಡುತ್ತಾರೆ. ತಂದೆಯೂ ಅಂದು ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಈ ವರ್ಷ ನಿನ್ನ ಮೇಲೆ ಹೆಚ್ಚು ಭಾರ ಹೊರಿಸಿದ್ದರೆ ಕ್ಷಮಿಸು ಎಂದರೆ ಅವನ ಹಿರಿತನಕ್ಕೆ ಕುಂದಿಲ್ಲ. ಹಿರಿಯರೂ ಕ್ಷಮೆ ಕೇಳುತ್ತಾರೆಂದು ಕಂಡ ಮಗು ಕ್ಷಮೆಯೆಂದರೇನೆಂಬುದನ್ನು ಮತ್ತೆ ಯಾವ ಪಾಠದಲ್ಲಿಯೂ ಕಲಿಯಬೇಕಾಗಿಲ್ಲ.