ಲಿನಕ್ಸ್ ಹಳತಾಯಿತು ಎಂದ ಮೇಷ್ಟ್ರು

1992ರ ಜನವರಿ. ಆಮ್‌ಸ್ಟರ್‌ಡ್ಯಾಮ್‌ನ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್ ಯೂಸ್‌ನೆಟ್ ಎಂಬ ಆನ್‌ಲೈನ್ ಚರ್ಚಾ ವೇದಿಕೆಯಲ್ಲಿ ಎಲ್ಲರೆದುರು ಬರೆದುಬಿಟ್ಟರು: ಲಿನಕ್ಸ್ ಹಳೇ ಕಾಲದ್ದು! ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದಿದ್ದ ಲಿನಸ್ ಟೊರ್ವಾಲ್ಡ್ಸ್‌ಗೆ ಆಗ 22 ವರ್ಷ, ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿ. ಅವನು ಓದಿ ಬೆಳೆದದ್ದೇ ಈ ಮೇಷ್ಟ್ರ ಪುಸ್ತಕವನ್ನು.

ಜಗಳ ಕರ್ನಲ್ ಬಗ್ಗೆ. ಹಾರ್ಡ್‌ವೇರ್‌ಗೂ ಪ್ರೋಗ್ರಾಂಗಳಿಗೂ ನಡುವೆ ನಿಂತು ಮೆಮೊರಿ, ಡಿಸ್ಕ್ ಎಲ್ಲ ನೋಡಿಕೊಳ್ಳುವ ಭಾಗ ಅದು. ಲಿನಸ್ ಎಲ್ಲ ಕೆಲಸವನ್ನೂ ಒಂದೇ ಕರ್ನಲ್ ಒಳಗೆ ಇಟ್ಟಿದ್ದ. ಅದರಿಂದ ವೇಗ ಸಿಗುತ್ತದೆ. ಮೇಷ್ಟ್ರ ವಾದ ಬೇರೆ: ಕರ್ನಲ್ ಪುಟ್ಟದಿರಲಿ, ಉಳಿದದ್ದು ಹೊರಗೆ ಬೇರೆ ಬೇರೆ ಪ್ರೋಗ್ರಾಂಗಳಾಗಿ ಓಡಲಿ. ಹಾಗಿದ್ದರೆ ಒಂದು ಡ್ರೈವರ್ ಕೆಟ್ಟರೂ ಇಡೀ ಸಿಸ್ಟಮ್ ಕುಸಿಯುವುದಿಲ್ಲ.

ಲಿನಸ್ ಸಿಟ್ಟಿನಲ್ಲೇ ಉತ್ತರ ಕೊಟ್ಟ, ಆಮೇಲೆ ಮಾತು ಖಾರವಾಯಿತೆಂದು ಕ್ಷಮೆಯನ್ನೂ ಕೇಳಿದ. ಆದರೆ ವಾದ ಬಿಡಲಿಲ್ಲ. ನನಗೆ ಈ ಜಗಳ ಇಷ್ಟವಾಗುವುದೇ ಅದಕ್ಕೆ.

ಇವತ್ತು ಆಂಡ್ರಾಯ್ಡ್ ಫೋನ್ ಒಳಗಿರುವುದು ಲಿನಕ್ಸ್ ಕರ್ನಲ್. ಜಗತ್ತಿನ ಟಾಪ್ 500 ಸೂಪರ್‌ಕಂಪ್ಯೂಟರ್‌ಗಳು 2017ರ ಹೊತ್ತಿಗೇ ಪೂರ್ತಿ ಲಿನಕ್ಸ್ ಆಗಿದ್ದವು.

ಹಾಗಂತ ಮೇಷ್ಟ್ರು ಸೋತರು ಅನ್ನಬೇಡಿ. ಅದೇ 2017ರಲ್ಲಿ ಇನ್ನೊಂದು ಸುದ್ದಿ ಬಂತು. ಅವರು ಕಟ್ಟಿದ, ಪುಟ್ಟ ಕರ್ನಲ್‌ನ ಆಪರೇಟಿಂಗ್ ಸಿಸ್ಟಮ್ ಮಿನಿಕ್ಸ್, ಇಂಟೆಲ್ ಚಿಪ್‌ಗಳ ಮ್ಯಾನೇಜ್‌ಮೆಂಟ್ ಇಂಜಿನ್ ಎಂಬ ಭಾಗದೊಳಗೆ ಓಡುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ.