ನೋವಿನ ಬಾಗಿಲು ಒಂದನ್ನೇ ಮುಚ್ಚೋದು ಹೇಗೆ?

ಹಲ್ಲು ಕೀಳಿಸೋಕೆ ಹೋದಾಗ ಡಾಕ್ಟರ್ ವಸಡಿಗೆ ಲಿಗ್ನೋಕೇನ್ ಇಂಜೆಕ್ಷನ್ ಕೊಡ್ತಾರಲ್ಲ? ಅರ್ಧ ಬಾಯಿ ಮರಗಟ್ಟುತ್ತೆ, ನೋವೇ ಗೊತ್ತಾಗಲ್ಲ. ಅದನ್ನೇ ಮಾತ್ರೆ ಮಾಡಿ ನುಂಗಿದ್ರೆ ಎಲ್ಲ ನೋವೂ ನಿಲ್ಲಬೇಕಲ್ವಾ? ಇವತ್ತಿನ ಮಾತು ಅದರ ಬಗ್ಗೇನೇ.

ನೋವಿನ ಸುದ್ದಿ ನರದಲ್ಲಿ ಸಾಗುವುದು ವಿದ್ಯುತ್ ಮಿಡಿತವಾಗಿ. ನರಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗಿದಾಗ ಆ ಮಿಡಿತ ಹುಟ್ಟುತ್ತದೆ. ಈ ಬಾಗಿಲುಗಳಲ್ಲಿ ಒಂಬತ್ತು ಬಗೆ. ಕೆಲವು ಮೆದುಳಿನಲ್ಲಿವೆ, ಐದನೆಯದು ಹೃದಯದಲ್ಲಿದೆ. ಲಿಗ್ನೋಕೇನ್ ಇವುಗಳಲ್ಲಿ ಅಷ್ಟೇನೂ ಭೇದ ಮಾಡಲ್ಲ. ರಕ್ತದಲ್ಲಿ ಅತಿಯಾದರೆ ಫಿಟ್ಸ್ ಬರಬಹುದು, ಹೃದಯ ಬಡಿತವೇ ತಪ್ಪಬಹುದು.

ಮಾರ್ಫಿನ್ ಜಾತಿಯ ಔಷಧಗಳ ದಾರಿಯೇ ಬೇರೆ. ಅವು ಮುಖ್ಯವಾಗಿ ಮೆದುಳು, ಬೆನ್ನುಹುರಿಯಲ್ಲಿ ಕೆಲಸ ಮಾಡುತ್ತವೆ. ನೋವು ತಗ್ಗುತ್ತದೆ, ಆದರೆ ಅಮಲೇರುತ್ತದೆ, ಚಟ ಹತ್ತಬಹುದು. ಡೋಸ್ ಮೀರಿದರೆ ಉಸಿರೇ ನಿಲ್ಲಬಹುದು.

ಹಾಗಾದ್ರೆ ನೋವಿನ ನರದ ಬಾಗಿಲನ್ನು ಮಾತ್ರ ಮುಚ್ಚಬಹುದಾ? 2006ರಲ್ಲಿ ಒಂದು ಸುಳಿವು ಸಿಕ್ಕಿತು. ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳ ಮಕ್ಕಳಿಗೆ ಹುಟ್ಟಿನಿಂದಲೇ ನೋವು ಗೊತ್ತಾಗುತ್ತಿರಲಿಲ್ಲ. ಕಾರಣ, ಏಳನೇ ಬಾಗಿಲಿನ ಜೀನ್ ಕೆಟ್ಟಿತ್ತು. ಅವರಲ್ಲೊಬ್ಬ ಹುಡುಗ ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು ಆಟ ತೋರಿಸುತ್ತಿದ್ದ. ಚಿಕ್ಕ ವಯಸ್ಸಿನಲ್ಲೇ ಮನೆಯ ಮಾಡಿನಿಂದ ಜಿಗಿದು ತೀರಿಕೊಂಡ. ನೋವು ಶತ್ರು ಮಾತ್ರ ಅಲ್ಲ, ಕಾವಲುಗಾರನೂ ಹೌದು.

ಏಳನೇ ಬಾಗಿಲಿನ ಹಿಂದೆ ಕಂಪನಿಗಳು ವರ್ಷಗಟ್ಟಲೆ ಬಿದ್ದರೂ ಔಷಧ ಕೈಗೆ ಸಿಗಲಿಲ್ಲ. ಗೆದ್ದಿದ್ದು ಎಂಟನೆಯದರಲ್ಲಿ. ಅದು ಹೆಚ್ಚಾಗಿ ಇರುವುದು ಮೆದುಳಿನ ಹೊರಗಿನ, ನೋವು ಗ್ರಹಿಸುವ ನರಗಳಲ್ಲಿ. ವರ್ಟೆಕ್ಸ್ ಕಂಪನಿಯ ಸುಜೆಟ್ರಿಜಿನ್ ಉಳಿದ ಎಂಟು ಬಾಗಿಲುಗಳಿಗಿಂತ ಇದನ್ನು 30,000 ಪಟ್ಟಿಗೂ ಹೆಚ್ಚು ಆಯ್ದು ತಡೆಯುತ್ತದೆ. ಅಣುವಿನ ರೂಪವನ್ನು ಸ್ವಲ್ಪ ಸ್ವಲ್ಪವೇ ತಿದ್ದಿ, ಪ್ರತಿ ಸಲವೂ ಪರೀಕ್ಷಿಸಿ ಇಂಥ ಆಯ್ಕೆಗೆ ತಲುಪುವುದೇ ಔಷಧ ರಸಾಯನಶಾಸ್ತ್ರದ ಕೆಲಸ. 2025ರ ಜನವರಿ 30ರಂದು ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಹಾಗಂತ ಇದು ರಾಮಬಾಣ ಅಲ್ಲ. ಒಪ್ಪಿಗೆ ಸಿಕ್ಕಿರೋದು ಆಪರೇಷನ್ ನಂತರದಂಥ ತಾತ್ಕಾಲಿಕ ನೋವಿಗೆ. ಅಲ್ಲಿ ಹುಸಿಮಾತ್ರೆಗಿಂತ ಮೇಲು, ಆದರೆ ಹೈಡ್ರೊಕೊಡೋನ್-ಪ್ಯಾರಸಿಟಮಾಲ್ ಜೋಡಿಯನ್ನು ಮೀರಿಸಲಿಲ್ಲ. ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವಿನ ಪ್ರಯೋಗದಲ್ಲಿ ಹುಸಿಮಾತ್ರೆ ತಗೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಆರಾಮ ಸಿಕ್ಕಿತು.

ಹಾಗಾಗಿ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರೋ ನಮ್ಮ ಸೊಂಟನೋವಿಗೆ ಹೊಸ ಮಾತ್ರೆ ಬಂತು ಅಂತ ವಾಟ್ಸಾಪ್‌ನಲ್ಲಿ ಯಾರಾದ್ರೂ ಕಳಿಸಿದ್ರೆ ನಂಬಬೇಡಿ. ಕಾವಲುಗಾರ ಕೂಗ್ತಿದ್ದಾನೆ ಅಂದ್ರೆ, ಮೊದಲು ಯಾಕೆ ಅಂತ ನೋಡೋಣ.